ಶರತ್ಕಾಲದ ಕುಂಬಳ: ಕ್ಯಾಮೆರಾ ಹೇಳುವುದೆಲ್ಲ ನಿಜವೆ?

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಪ್ರೌಢಶಾಲೆಯ ಇಬ್ಬರು ವಿದ್ಯಾರ್ಥಿನಿಯರು ತಮ್ಮ ವಿಜ್ಞಾನ ಯೋಜನೆಗೆ ಮಾರ್ಗದರ್ಶನ ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದರು. ಶಾಲೆಯ ಹಿತ್ತಲಲ್ಲಿ ಹಬ್ಬಿದ್ದ ಸಿಹಿಗುಂಬಳದ ಬಳ್ಳಿಯಲ್ಲಿ ಒಂದು ಕಾಯಿಯನ್ನು ಆರಿಸಿಕೊಳ್ಳುವುದು. ಅದು ಹಸಿರಿನಿಂದ ಕಂದುಮಿಶ್ರಿತ ಕಿತ್ತಳೆಗೆ ತಿರುಗುವವರೆಗೆ ದಿನಕ್ಕೊಂದು ಫೋಟೋ ತೆಗೆಯುವುದು. ಚಿತ್ರದ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಓದಿ ಹಣ್ಣಾಗುವಿಕೆಯ ನಕ್ಷೆ ಎಳೆಯುವುದು. ಇದು ಅವರ ಯೋಚನೆ. ಸೊಗಸಾದ ಯೋಚನೆಯೇ. ಕ್ಯಾಮೆರಾವನ್ನು ಹೇಗೆ ಇಡಬೇಕೆಂದು ಅವರು ಕೇಳಿದಾಗ ನಾನು ಹೆಚ್ಚು ಯೋಚಿಸದೆ, "ಸ್ವಯಂಚಾಲಿತ ಸ್ಥಿತಿಯಲ್ಲೇ ಇರಲಿ, ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ" ಎಂದುಬಿಟ್ಟೆ.

ಆರು ವಾರಗಳ ನಂತರ ಅವರು ತಂದ ನಕ್ಷೆ ಗರಗಸದ ಹಲ್ಲಿನಂತಿತ್ತು. ಅದನ್ನು ನಂಬುವುದಾದರೆ ಆ ಕುಂಬಳ ಸೋಮವಾರ ಹಣ್ಣಾಗಿ, ಬುಧವಾರ ಮತ್ತೆ ಕಾಯಾಗಿ, ಶುಕ್ರವಾರ ಇನ್ನೊಮ್ಮೆ ಹಣ್ಣಾಗಿತ್ತು! "ಸರ್, ತಪ್ಪಿರೋದು ನಮ್ಮ ಕಣ್ಣಿಂದೋ, ಕ್ಯಾಮೆರಾದ್ದೋ?" ಎಂದು ಒಬ್ಬಳು ಕೇಳಿದಳು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅಷ್ಟರಲ್ಲಿ ಕಾಯಿಯನ್ನು ಕೊಯ್ದಾಗಿತ್ತು, ಬಳ್ಳಿ ಒಣಗಿತ್ತು. ಯೋಜನೆ ಅಲ್ಲಿಗೇ ನಿಂತಿತು.

ಮರುವರ್ಷದ ಅಕ್ಟೋಬರಿನಲ್ಲಿ ನಾನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆ. ಅಲ್ಲಿ ಅದು ಕುಂಬಳದ ಕಾಲ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕಾಗಿ ರಸ್ತೆಬದಿಯ ತೋಟದಂಗಡಿಗಳಲ್ಲಿ ಕಿತ್ತಳೆ ಬಣ್ಣದ ಕುಂಬಳಗಳ ರಾಶಿ. ಪಕ್ಕದಲ್ಲಿ ಅಲಂಕಾರಕ್ಕೆಂದೇ ಬೆಳೆದ, ಗಂಟುಗಂಟಾದ, ಹಳದಿ-ಹಸಿರು ಪಟ್ಟೆಯ ಪುಟ್ಟ ಸೋರೆಗಳು. ನಾನೂ ಎಲ್ಲರಂತೆ ಹತ್ತಾರು ಫೋಟೋ ತೆಗೆದೆ. ಒಂದರಲ್ಲಿಯೂ ಕಣ್ಣು ಕಂಡ ಬಣ್ಣ ಇರಲಿಲ್ಲ. ಕೆಲವು ಪೇಲವ, ಕೆಲವು ಹಳದಿ, ಕೆಲವು ಉಬ್ಬುತಗ್ಗುಗಳೇ ಇಲ್ಲದ ಕಿತ್ತಳೆ ಬಿಲ್ಲೆಗಳು. ಆ ಹುಡುಗಿಯರ ನಕ್ಷೆ ನೆನಪಾಯಿತು. ಉಳಿದ ಮೂರು ವಾರ ಅದೇ ಅಂಗಡಿಯ ಮುಂದೆ ನಿಂತು ಒಂದೊಂದೇ ಕಾರಣವನ್ನು ಬಿಡಿಸುತ್ತ ಹೋದೆ. ಅಲ್ಲಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ಪ್ರೌಢಶಾಲೆಯ ಹಾಗೂ ಪದವಿಪೂರ್ವ ತರಗತಿಯ ದ್ಯುತಿಶಾಸ್ತ್ರದ ಬಹುಪಾಲು ಅಡಗಿದೆ.

ಬಿಸಿಲು ಬೀಳುವ ಕೋನ

'ಶರತ್ಕಾಲದ ಬೆಳಕೇ ಬೇರೆ' ಎಂದು ಛಾಯಾಗ್ರಾಹಕರು ಹೇಳುತ್ತಾರೆ. ಇದು ಬರಿಯ ಕವಿಮಾತಲ್ಲ, ಲೆಕ್ಕ ಹಾಕಿ ನೋಡಬಹುದು. ಮಧ್ಯಾಹ್ನ ಸೂರ್ಯ ಅತಿ ಎತ್ತರದಲ್ಲಿರುವಾಗ ಅವನ ಉನ್ನತಿ ಕೋನವನ್ನು ತಿಳಿಯಲು 90 ಡಿಗ್ರಿಯಿಂದ ನಮ್ಮ ಉತ್ತರ ಅಕ್ಷಾಂಶವನ್ನು ಕಳೆದು, ಅಂದಿನ ಸೂರ್ಯನ ಕ್ರಾಂತಿಯನ್ನು ಕೂಡಿಸಬೇಕು. ಅಕ್ಟೋಬರ್ ಮೂರನೆಯ ವಾರದ ಕೊನೆಗೆ ಈ ಕ್ರಾಂತಿ ಸುಮಾರು ಋಣ 10.6 ಡಿಗ್ರಿ. ಬಾಸ್ಟನ್ ನಗರದ ಅಕ್ಷಾಂಶ 42.4 ಡಿಗ್ರಿ. ಹಾಗಾಗಿ ಅಲ್ಲಿ ಮಧ್ಯಾಹ್ನದ ಸೂರ್ಯನೂ 37 ಡಿಗ್ರಿಗಿಂತ ಮೇಲೇರುವುದಿಲ್ಲ. ಅದೇ ದಿನ 12.3 ಡಿಗ್ರಿ ಅಕ್ಷಾಂಶದ ಮೈಸೂರಿನಲ್ಲಿ ಸೂರ್ಯ 67 ಡಿಗ್ರಿಗೆ ಏರುತ್ತಾನೆ.

ಇದರ ಪರಿಣಾಮಗಳು ಎರಡು. ಮೊದಲನೆಯದು ನೆರಳು. 37 ಡಿಗ್ರಿ ಬಿಸಿಲಿನಲ್ಲಿ ಒಂದು ಮೀಟರ್ ಕೋಲಿನ ನೆರಳು 1.33 ಮೀಟರ್, 67 ಡಿಗ್ರಿಯಲ್ಲಿ ಅದು 0.42 ಮೀಟರ್ ಮಾತ್ರ. ಓರೆಯಾಗಿ ಬೀಳುವ ಬೆಳಕು ಕುಂಬಳದ ಏಣುಗಳನ್ನು ಸವರಿಕೊಂಡು ಹೋಗುವುದರಿಂದ ಪ್ರತಿ ಏಣಿನ ಒಂದು ಬದಿ ಬೆಳಗಿ ಇನ್ನೊಂದು ಬದಿ ಮಬ್ಬಾಗುತ್ತದೆ. ಕಾಯಿ ದುಂಡಗಿದೆ ಎಂದು ನಮ್ಮ ಮಿದುಳಿಗೆ ತಿಳಿಸುವುದು ಈ ಛಾಯೆಯೇ. ನೆತ್ತಿಯ ಬಿಸಿಲಿನಲ್ಲಾಗಲಿ, ಕ್ಯಾಮೆರಾದ ಮೇಲೇ ಇರುವ ಫ್ಲಾಷ್ ಬೆಳಕಿನಲ್ಲಾಗಲಿ ಈ ಛಾಯೆ ಸಿಗದು. ಅದಕ್ಕೇ ಅವು ಚಪ್ಪಟೆ ಬಿಲ್ಲೆಗಳಂತೆ ಕಾಣುತ್ತವೆ.

ಎರಡನೆಯದು ಬಣ್ಣ. ಓರೆ ಬಿಸಿಲು ಹೆಚ್ಚು ವಾಯುವನ್ನು ಹಾದು ಬರಬೇಕು. ನೆತ್ತಿಯಿಂದ ನೇರ ಬರುವಾಗಿನ ದಪ್ಪವನ್ನು 1 ಎಂದು ಇಟ್ಟುಕೊಂಡರೆ 37 ಡಿಗ್ರಿಯಲ್ಲಿ ಅದು 1.66. ಮಧ್ಯಾಹ್ನ ಮೂರೂವರೆಗೆ ಬಾಸ್ಟನ್ನಿನ ಸೂರ್ಯ 23 ಡಿಗ್ರಿಗೆ ಇಳಿದಿರುತ್ತಾನೆ. ಆಗ ಅದು ಸುಮಾರು 2.6. ವಾಯುವಿನ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ರ‍್ಯಾಲೆ ತೋರಿಸಿದ್ದನ್ನು ನೀವು ಓದಿದ್ದೀರಿ. 450 ನ್ಯಾನೋಮೀಟರಿನ ನೀಲಿ, 650 ನ್ಯಾನೋಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಹೀಗೆ ನೀಲಿಯನ್ನು ದಾರಿಯಲ್ಲೇ ಕಳೆದುಕೊಂಡ ಬಿಸಿಲು ಕುಂಬಳವನ್ನು ತಲುಪುತ್ತದೆ. ಚದುರಿದ ನೀಲಿಯೋ, ಆಕಾಶದಿಂದ ಇಳಿದು ನೆರಳನ್ನು ತುಂಬುತ್ತದೆ. ಒಂದೇ ಕುಂಬಳದ ಬಿಸಿಲಿನ ಬದಿಗೂ ನೆರಳಿನ ಬದಿಗೂ ಎರಡು ಬೇರೆ ಬಣ್ಣದ ದೀಪಗಳು ಹಿಡಿದಂತಾಯಿತು!

ಕಿತ್ತಳೆ ಬಣ್ಣದ ಗುಟ್ಟು

ಎಳೆಯ ಕುಂಬಳದ ಸಿಪ್ಪೆಯಲ್ಲಿ ಕ್ಲೋರೊಫಿಲ್ ತುಂಬಿರುತ್ತದೆ. ಅದು ನೀಲಿಯನ್ನೂ 670 ನ್ಯಾನೋಮೀಟರಿನ ಆಸುಪಾಸಿನ ಕೆಂಪನ್ನೂ ಹೀರಿ ನಡುವಣ ಹಸಿರನ್ನು ಬಿಟ್ಟುಕೊಡುತ್ತದೆ. ಕಾಯಿ ಬಲಿತಂತೆ ಕ್ಲೋರೊಫಿಲ್ ಒಡೆದುಹೋಗಿ ಕ್ಯಾರೊಟಿನಾಯ್ಡ್ ಎಂಬ ವರ್ಣಕಗಳು ಮೇಲುಗೈ ಪಡೆಯುತ್ತವೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟೀನ್ ಇದೇ ಗುಂಪಿನದು. ಮ್ಯಾಸಚೂಸೆಟ್ಸಿನ ಮರಗಳ ಎಲೆಗಳು ಅದೇ ವಾರಗಳಲ್ಲಿ ಹಳದಿಯಾಗುವುದಕ್ಕೂ ಕಾರಣ ಇವೇ ವರ್ಣಕಗಳು.

ಕ್ಯಾರೊಟಿನಾಯ್ಡ್‌ಗಳು ಮುಖ್ಯವಾಗಿ 400ರಿಂದ 500 ನ್ಯಾನೋಮೀಟರ್‌ವರೆಗಿನ ನೇರಳೆ-ನೀಲಿ ಬೆಳಕನ್ನು ಹೀರುತ್ತವೆ. ಹಸಿರಿನಲ್ಲಿ ಒಂದು ಪಾಲು, ಹಳದಿ ಹಾಗೂ ಕೆಂಪಿನಲ್ಲಿ ಬಹುಪಾಲು ಹಿಂದಿರುಗುತ್ತದೆ. ಅಂದರೆ ಹಣ್ಣಾದ ಕುಂಬಳದ ರೋಹಿತ ಒಂದು ಮೆಟ್ಟಿಲಿನ ಹಾಗೆ: ನೀಲಿಯಲ್ಲಿ ನೆಲಮಟ್ಟ, ಹಸಿರಿನಲ್ಲಿ ಏರಿಕೆ, ಕೆಂಪಿನಲ್ಲಿ ಜಗಲಿ. ಈ ಮೆಟ್ಟಿಲು ನೆನಪಿರಲಿ, ಮುಂದಿನ ತೊಂದರೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ತೋಟದ ಹೂವು ಹಣ್ಣುಗಳ ಬಣ್ಣ ಭೌತವಿಜ್ಞಾನಿಗೆ ತಕ್ಕ ವಿಷಯವೇ ಎಂದು ಸಂದೇಹಪಡಬೇಡಿ. ಸರ್ ಸಿ. ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೂಗಳ ಬಣ್ಣವನ್ನೂ ಬಣ್ಣವನ್ನು ಕಾಣುವ ಕಣ್ಣನ್ನೂ ಅಧ್ಯಯನ ಮಾಡುತ್ತಿದ್ದರು. ದೃಷ್ಟಿಯನ್ನು ಕುರಿತ ಅವರ ಪುಸ್ತಕ 1968ರಲ್ಲಿ ಪ್ರಕಟವಾಯಿತು.

ಹೊಳಪು: ಸಿಪ್ಪೆಯದಲ್ಲದ ಬೆಳಕು

ಕುಂಬಳದಿಂದ ಕ್ಯಾಮೆರಾಕ್ಕೆ ಬರುವ ಬೆಳಕು ಎರಡು ಬಗೆಯದು. ಮೊದಲನೆಯದು ಸಿಪ್ಪೆಯೊಳಗೆ ಹೊಕ್ಕು, ಜೀವಕೋಶಗಳ ನಡುವೆ ಚದುರಿ, ವರ್ಣಕಗಳಿಗೆ ನೀಲಿಯನ್ನು ತೆತ್ತು ಹೊರಬಂದದ್ದು. ಇದು ಕಿತ್ತಳೆ. ಎರಡನೆಯದು ಒಳಗೆ ಹೋಗದೆ ಮೇಲಿನ ಮೇಣದ ಪದರದಿಂದಲೇ ಪ್ರತಿಫಲಿಸಿದ್ದು. ಇದಕ್ಕೆ ಕುಂಬಳದ ಬಣ್ಣವಿಲ್ಲ. ಬೆಳಕಿನ ಆಕರದ ಬಣ್ಣವೇ ಇದರ ಬಣ್ಣ.

ಎರಡನೆಯದರ ಪ್ರಮಾಣ ಎಷ್ಟು? ಮೇಣದ ವಕ್ರೀಭವನಾಂಕವನ್ನು ಸುಮಾರು 1.5 ಎಂದುಕೊಳ್ಳಿ. ನೇರವಾಗಿ ಬೀಳುವ ಬೆಳಕಿನಲ್ಲಿ ಪ್ರತಿಫಲಿಸುವ ಭಾಗ (0.5 ÷ 2.5)ರ ವರ್ಗ, ಅಂದರೆ ನೂರಕ್ಕೆ 4. ಇಷ್ಟೇ ತಾನೆ ಎನ್ನಬೇಡಿ. ನೀಲಿಯಲ್ಲಿ ಸಿಪ್ಪೆ ತಾನಾಗಿ ಹಿಂದಿರುಗಿಸುವುದೇ ನೂರಕ್ಕೆ ಕೆಲವು ಪಾಲು. ಅದರ ಮೇಲೆ ಆಕಾಶದ 4 ಪಾಲು ಸೇರಿದರೆ ಕಿತ್ತಳೆಗೆ ಸುಣ್ಣದ ತಿಳಿ ಬಳಿದಂತಾಗುತ್ತದೆ. ಓರೆ ಕೋನದಲ್ಲಿ ನೋಡುವ ಅಂಚುಗಳಲ್ಲಿ ಪ್ರತಿಫಲನ ಇನ್ನೂ ಹೆಚ್ಚು. ನನ್ನ ಕೆಲವು ಚಿತ್ರಗಳು ಪೇಲವವಾದದ್ದು ಹೀಗೆ.

ಬಿಸಿಲಿದ್ದಾಗ ಈ ಹೊಳಪು ಸೂರ್ಯನ ಪುಟ್ಟ ಬಿಂಬವಾಗಿ ಒಂದೆಡೆ ಕುಳಿತಿರುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುವುದರಿಂದ ಹೊಳಪೂ ಇಡೀ ಕಾಯಿಯ ಮೇಲೆ ತೆಳ್ಳಗೆ ಹರಡುತ್ತದೆ. ಆದ್ದರಿಂದ ಮೋಡದ ಬೆಳಕು ನೆರಳನ್ನು ಮೃದುಗೊಳಿಸಿದರೂ ಬಣ್ಣವನ್ನು ಸ್ವಲ್ಪ ತೊಳೆದುಬಿಡುತ್ತದೆ.

ಇದಕ್ಕೆ ಮದ್ದು ಧ್ರುವೀಕರಣ. 1808ರಲ್ಲಿ ಫ್ರಾನ್ಸಿನ ಮಾಲ್ಯೂ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿ, ಪ್ರತಿಫಲಿತ ಬೆಳಕು ಧ್ರುವೀಕರಣಗೊಂಡಿರುವುದನ್ನು ಕಂಡುಹಿಡಿದ. ಯಾವ ಕೋನದಲ್ಲಿ ಅದು ಪೂರ್ಣವಾಗುತ್ತದೆಂಬ ನಿಯಮವನ್ನು 1815ರಲ್ಲಿ ಸ್ಕಾಟ್ಲೆಂಡಿನ ಬ್ರೂಸ್ಟರ್ ಕೊಟ್ಟ: ಆ ಕೋನದ ಟ್ಯಾಂಜೆಂಟ್ ವಕ್ರೀಭವನಾಂಕಕ್ಕೆ ಸಮ. ನಮ್ಮ ಮೇಣಕ್ಕೆ ಇದು ಲಂಬದಿಂದ ಸುಮಾರು 56 ಡಿಗ್ರಿ. ಮಸೂರದ ಮುಂದೆ ಪೋಲರಾಯ್ಡ್ ಶೋಧಕವೊಂದನ್ನು ಇಟ್ಟು ನಿಧಾನವಾಗಿ ತಿರುಗಿಸಿದರೆ ಒಂದು ಸ್ಥಾನದಲ್ಲಿ ಹೊಳಪು ಮಾಯವಾಗಿ ಕಿತ್ತಳೆ ಗಾಢವಾಗುತ್ತದೆ. ಕುಂಬಳ ದುಂಡಗಿರುವುದರಿಂದ ಮೇಲ್ಮೈ ಎಲ್ಲ ಒಂದೇ ಕೋನದಲ್ಲಿರದು. ಆದ್ದರಿಂದ ಹೊಳಪು ಒಂದು ಪಟ್ಟೆಯಲ್ಲಿ ಪೂರ್ತಿ ಅಳಿದು, ಸುತ್ತಮುತ್ತ ಅರೆಬರೆ ಉಳಿಯುತ್ತದೆ. ಶೋಧಕ ಅರ್ಧಕ್ಕೂ ಹೆಚ್ಚು ಬೆಳಕನ್ನು ನುಂಗುವುದರಿಂದ ಹೆಚ್ಚು ಹೊತ್ತು ಬೆಳಕು ಕೊಡಬೇಕು ಎಂಬುದನ್ನು ಮರೆಯಬಾರದು.

ಮೂರು ಶೋಧಕ, ಒಂದು ಮೋಸ

ಡಿಜಿಟಲ್ ಕ್ಯಾಮೆರಾದ ಸಂವೇದಕಕ್ಕೆ ಬಣ್ಣ ಗೊತ್ತಿಲ್ಲ. ಅದು ಬರಿಯ ಬೆಳಕಿನ ಪ್ರಮಾಣ ಅಳೆಯುತ್ತದೆ. ಅದರ ಪ್ರತಿ ಚುಕ್ಕೆಯ ಮೇಲೆ ಕೆಂಪು, ಹಸಿರು ಇಲ್ಲವೆ ನೀಲಿ ಶೋಧಕವೊಂದನ್ನು ಕೂರಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಜಾಲದಲ್ಲಿ ಅರ್ಧದಷ್ಟು ಚುಕ್ಕೆಗಳು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಈಗ ಮೆಟ್ಟಿಲಿನಂಥ ನಮ್ಮ ರೋಹಿತ ಈ ಜಾಲದ ಮೇಲೆ ಬಿದ್ದರೆ ಏನಾದೀತು? ನೀಲಿ ಚುಕ್ಕೆಗಳು ಬಹುತೇಕ ಉಪವಾಸ. ಕೆಂಪು ಚುಕ್ಕೆಗಳ ಪಾತ್ರೆ ಎಲ್ಲಕ್ಕಿಂತ ಮೊದಲು ತುಂಬಿ ತುಳುಕುತ್ತದೆ.

ಸಾಮಾನ್ಯ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 0ಯಿಂದ 255ರವರೆಗೆ ಅಂಕಿಗಳಿರುತ್ತವೆ. ಬಿಸಿಲಿನ ಕುಂಬಳದ ಒಂದು ಚುಕ್ಕೆಯಲ್ಲಿ ಕೆಂಪು 255, ಹಸಿರು 120, ನೀಲಿ 20 ಇದೆಯೆನ್ನಿ. ಕೆಂಪು ಆಗಲೇ ತುದಿ ಮುಟ್ಟಿದೆ. ಒಟ್ಟು ಹೊಳಪನ್ನು ಲೆಕ್ಕ ಹಾಕುವ ರೂಢಿಯ ಸೂತ್ರದಲ್ಲಿ ಕೆಂಪಿಗೆ 0.30, ಹಸಿರಿಗೆ 0.59, ನೀಲಿಗೆ 0.11ರ ತೂಕ. ಗುಣಿಸಿ ಕೂಡಿದರೆ ಸುಮಾರು 150 ಬರುತ್ತದೆ. 255ರಲ್ಲಿ 150! ಹೊಳಪಿನ ಹಂಚಿಕೆಯ ನಕ್ಷೆಯನ್ನಷ್ಟೇ ನೋಡುವವರಿಗೆ ಎಲ್ಲವೂ ಕ್ಷೇಮವೆಂದೇ ಕಾಣುತ್ತದೆ. ಇದೇ ಮೋಸ.

ಇನ್ನಷ್ಟು ಬೆಳಕು ಕೊಟ್ಟರೆ ಕೆಂಪು 255ರಲ್ಲೇ ನಿಂತಿರುತ್ತದೆ, ಹಸಿರು ಮಾತ್ರ ಏರುತ್ತ ಹೋಗುತ್ತದೆ. ಕೆಂಪಿಗೆ ಹಸಿರು ಸೇರಿದರೆ ಹಳದಿ. ಹೀಗೆ ಹೆಚ್ಚು ಬೆಳಕು ತಿಂದ ಕುಂಬಳ ಹಳದಿಗೆ ತಿರುಗುತ್ತದೆ. ಏಣುಗಳ ಛಾಯೆಯನ್ನು ಹೆಚ್ಚಾಗಿ ಹೊತ್ತಿದ್ದ ಕೆಂಪಿನ ಅಂಕಿಗಳೆಲ್ಲ ಒಂದೇ ಆದ್ದರಿಂದ ಮೇಲ್ಮೈ ಚಪ್ಪಟೆಯಾಗುತ್ತದೆ. ಪರಿಹಾರ ಸರಳ: ಮೂರೂ ಬಣ್ಣಗಳ ಹಂಚಿಕೆಯನ್ನು ಬೇರೆಬೇರೆಯಾಗಿ ನೋಡಿ, ಕೆಂಪು ಬಲತುದಿ ಮುಟ್ಟದಂತೆ ಬೆಳಕನ್ನು ಒಂದು ಹಂತ ಇಳಿಸುವುದು.

ಕ್ಯಾಮೆರಾದ ಎರಡು ಊಹೆಗಳು

ಕಿಟಕಿಯ ಬಳಿ ಇಟ್ಟ ಬಿಳಿ ಹಾಳೆ ಮಧ್ಯಾಹ್ನವೂ ಬಿಳಿ, ರಾತ್ರಿ ಬಲ್ಬಿನ ಕೆಳಗೂ ಬಿಳಿ. ಹಾಳೆಯಿಂದ ಬರುವ ಬೆಳಕು ಮಾತ್ರ ಒಂದೇ ಅಲ್ಲ. ನಡುಹಗಲ ಬಿಸಿಲಿನ ವರ್ಣತಾಪ ಸುಮಾರು 5500 ಕೆಲ್ವಿನ್, ತಂತಿಯ ಬಲ್ಬಿನದು ಸುಮಾರು 2800, ನೀಲಿ ಆಕಾಶದ ಕೆಳಗಿನ ನೆರಳಿನದು 7000ಕ್ಕೂ ಮೇಲೆ. ಸುತ್ತಲಿನ ದೃಶ್ಯವನ್ನೆಲ್ಲ ಗಣನೆಗೆ ತೆಗೆದುಕೊಂಡು ಮಿದುಳು ಈ ವ್ಯತ್ಯಾಸವನ್ನು ಕಳೆದುಬಿಡುತ್ತದೆ.

ಕ್ಯಾಮೆರಾ ಇದನ್ನೇ ಅನುಕರಿಸಲು ಹೊರಡುತ್ತದೆ. ಅದರ ಸ್ವಯಂಚಾಲಿತ ಬಿಳಿ-ಸಮತೋಲದ ಅತಿ ಸರಳ ರೂಪ ಹೀಗೆ: ಯಾವ ದೃಶ್ಯವನ್ನೇ ಆಗಲಿ ಸರಾಸರಿ ಮಾಡಿದರೆ ಬೂದು ಬಣ್ಣ ಬರಬೇಕು, ಬರದಿದ್ದರೆ ಅದು ಬೆಳಕಿನ ದೋಷ. ಬೀದಿ, ಮರ, ಜನ, ಆಕಾಶ ಎಲ್ಲವೂ ಇರುವ ದೃಶ್ಯದಲ್ಲಿ ಈ ಊಹೆ ಸಲ್ಲುತ್ತದೆ. ಚೌಕಟ್ಟಿನ ತುಂಬ ಕುಂಬಳವೇ ಇದ್ದಾಗ? ಸರಾಸರಿ ಕಿತ್ತಳೆ ಬರುತ್ತದೆ. ಬೆಳಕೇ ಕೆಂಪಾಗಿದೆ ಎಂದು ತಿಳಿದ ಕ್ಯಾಮೆರಾ ಚಿತ್ರಕ್ಕೆಲ್ಲ ನೀಲಿ ಬೆರೆಸುತ್ತದೆ. ನಾವು ತೋರಿಸಲು ಹೊರಟ ಬಣ್ಣವನ್ನೇ ಅದು ತಪ್ಪೆಂದು ತಿದ್ದಿತು! ಇಂದಿನ ಕ್ಯಾಮೆರಾಗಳೂ ಮೊಬೈಲ್ ಫೋನುಗಳೂ ಇದಕ್ಕಿಂತ ಜಾಣ ವಿಧಾನಗಳನ್ನು ಬಳಸುತ್ತವೆ. ಆದರೆ ಎಷ್ಟೇ ಜಾಣತನವಿದ್ದರೂ ಅದು ಊಹೆಯೇ. ಕೆಲವು ಫೋನುಗಳಂತೂ ದೃಶ್ಯವನ್ನು ಗುರುತಿಸಿ, ತಮಗೆ ಚೆಂದ ಕಂಡಂತೆ ಬಣ್ಣವನ್ನು ಏರಿಸಿಬಿಡುತ್ತವೆ.

ಇನ್ನೊಂದು ಊಹೆ ಬೆಳಕಿನ ಪ್ರಮಾಣದ್ದು. ಕ್ಯಾಮೆರಾದೊಳಗಿನ ಮಾಪಕ, ತನ್ನ ಮುಂದಿರುವುದೆಲ್ಲ ನಡುಬೂದು, ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಭಾಗವನ್ನು ಹಿಂದಿರುಗಿಸುವಂಥದು ಎಂದೇ ಭಾವಿಸುತ್ತದೆ. ಕಡುಹಸಿರು ಕಾಯಿ ಚೌಕಟ್ಟು ತುಂಬಿದರೆ ಅದನ್ನು ಬೆಳಗಿಸುತ್ತದೆ, ಬಿಳಿಯ ಕಾಯಿ ತುಂಬಿದರೆ ಅದನ್ನು ಮಂಕಾಗಿಸುತ್ತದೆ.

ಈಗ ಹುಡುಗಿಯರ ನಕ್ಷೆಗೆ ಹಿಂದಿರುಗೋಣ. ಅವರ ಕಾಯಿ ಹಸಿರಾಗಿದ್ದಾಗ ಕ್ಯಾಮೆರಾ ಹಸಿರನ್ನು ಕಳೆಯಲು ನೋಡಿತು, ಕಿತ್ತಳೆಯಾದಾಗ ಕಿತ್ತಳೆಯನ್ನು. ಅವರು ಅಳೆಯಲು ಹೊರಟ ಬದಲಾವಣೆಯನ್ನೇ ಅದು ದಿನದಿನವೂ ಅಳಿಸುತ್ತ ಬಂದಿತ್ತು. ಅದರ ಮೇಲೆ ಒಂದು ದಿನ ಬಿಸಿಲು, ಒಂದು ದಿನ ಮೋಡ. ಒಮ್ಮೆ ಬೆಳಗಿನ ಪ್ರಾರ್ಥನೆಗೆ ಮುಂಚೆ, ಒಮ್ಮೆ ಶಾಲೆ ಬಿಟ್ಟ ಮೇಲೆ. ಕಣ್ಣಿನದೂ ತಪ್ಪಲ್ಲ, ಕ್ಯಾಮೆರಾದ್ದೂ ತಪ್ಪಲ್ಲ. ನೋಡಲು ಚೆಂದವಾದ ಚಿತ್ರ ಕೊಡುವುದಕ್ಕೆಂದು ಮಾಡಿದ ಸಾಧನವನ್ನು ಅಳತೆಗೋಲೆಂದು ನಂಬಿದ್ದು ತಪ್ಪು.

ಎಷ್ಟು ಆಳ ಸ್ಪಷ್ಟ?

ಬಣ್ಣ ಸರಿಯಾದ ಮೇಲೆ ಉಳಿಯುವ ತೊಡಕು ಸ್ಪಷ್ಟತೆಯದು. 50 ಮಿಲಿಮೀಟರ್ ಸಂಗಮದೂರದ ಮಸೂರ, ಫಿಲ್ಮ್ ಗಾತ್ರದ ಸಂವೇದಕ, ಒಂದು ಮೀಟರ್ ದೂರದಲ್ಲಿ 30 ಸೆಂಟಿಮೀಟರ್ ಅಗಲದ ಕುಂಬಳ ಎಂದಿಟ್ಟುಕೊಳ್ಳಿ. 0.03 ಮಿಲಿಮೀಟರ್ ಮಸುಕನ್ನು ಕಣ್ಣು ಸಹಿಸುತ್ತದೆ ಎಂದುಕೊಂಡರೆ ಸ್ಪಷ್ಟವಾಗಿ ಮೂಡುವ ಆಳ ದ್ಯುತಿರಂಧ್ರದ ಎಫ್/2 ಸ್ಥಾನದಲ್ಲಿ ಸುಮಾರು 5 ಸೆಂಟಿಮೀಟರ್, ಎಫ್/8ರಲ್ಲಿ 19 ಸೆಂಟಿಮೀಟರ್. ನಮಗೆ ಕಾಣುವುದು ಕುಂಬಳದ ಮುಂದಿನ ಅರ್ಧ, ಅಂದರೆ 15 ಸೆಂಟಿಮೀಟರ್ ಆಳ ಮಾತ್ರ. ಹಾಗಾಗಿ ಎಫ್/8 ಸಾಕು. ಕೇಂದ್ರೀಕರಣವನ್ನು ತೀರ ಮುಂದಿನ ಉಬ್ಬಿನ ಮೇಲಲ್ಲ, ಸ್ವಲ್ಪ ಹಿಂದೆ ಇಡಬೇಕು. ಇನ್ನೂ ಕಿರಿದು ಮಾಡಿದರೆ ಇನ್ನೂ ಸ್ಪಷ್ಟವಾದೀತೆ? ಇಲ್ಲ. ಎಫ್/22ರಲ್ಲಿ ವಿವರ್ತನೆಯಿಂದ ಮೂಡುವ ತಟ್ಟೆಯ ವ್ಯಾಸವೇ ಸುಮಾರು 0.03 ಮಿಲಿಮೀಟರ್. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಮೊಬೈಲ್ ಫೋನಿನ ಸಂಗಮದೂರ ಕೆಲವೇ ಮಿಲಿಮೀಟರ್ ಆದ್ದರಿಂದ ಈ ತೊಂದರೆ ಅಲ್ಲಿ ಕಡಿಮೆ.

ನಮ್ಮ ಶರತ್ಕಾಲ, ನಮ್ಮ ಬೂದುಗುಂಬಳ

ಕಿತ್ತಳೆ ಕುಂಬಳಗಳು ಮೂಲತಃ ಅಮೆರಿಕ ಖಂಡದವು. ನಮ್ಮ ಸಿಹಿಗುಂಬಳವೂ ಅಲ್ಲಿಂದಲೇ ಬಂದ ಬಂಧು. ಬೂದುಗುಂಬಳ ಏಷ್ಯಾದ್ದು. ಅಲ್ಲಿ ಹ್ಯಾಲೋವೀನಿಗೆ ಕುಂಬಳ ರಾಶಿ ಬೀಳುವ ಆಸುಪಾಸಿನ ವಾರಗಳಲ್ಲೇ ಇಲ್ಲಿ ಆಯುಧಪೂಜೆಗೆಂದು ನಮ್ಮ ಮಾರುಕಟ್ಟೆಗಳಲ್ಲಿ ಬೂದುಗುಂಬಳ ಬಂದು ಬೀಳುತ್ತದೆ. ಊರಿಗೆ ಮರಳಿದ ಮೇಲೆ ನಾನು ಅದರತ್ತಲೂ ಕ್ಯಾಮೆರಾ ತಿರುಗಿಸಿದೆ. ಅದು ಸಿಹಿಗುಂಬಳದ ತದ್ವಿರುದ್ಧ.

ಬಲಿತ ಬೂದುಗುಂಬಳದ ಮೇಲಿನ ಬಿಳಿ ಪುಡಿ ಮೇಣದ ಅತಿ ಸಣ್ಣ ಕಣಗಳು. ಮೇಣಕ್ಕೆ ತನ್ನದೇ ಬಣ್ಣವಿಲ್ಲ. ಆದರೆ ಕಣಗಳ ನಡುವೆ ಗಾಳಿಯಿದೆ. ಮೇಣ-ಗಾಳಿಯ ಅಸಂಖ್ಯ ಎಲ್ಲೆಗಳಲ್ಲಿ ಎಲ್ಲ ತರಂಗದೂರಗಳೂ ಸಮವಾಗಿ ಚದುರುವುದರಿಂದ ಅದು ಬಿಳಿ, ಉಪ್ಪು ಸಕ್ಕರೆಗಳ ಹಾಗೆಯೇ. ಬೆರಳಿನಿಂದ ಉಜ್ಜಿದರೆ ಪುಡಿ ಹೋಗಿ ಅಡಿಯ ಹಸಿರು ಕಾಣುತ್ತದೆ. ಇಲ್ಲಿ ಕನ್ನಡಿಯಂಥ ಹೊಳಪಿಲ್ಲ. ಪೋಲರಾಯ್ಡ್ ತಿರುಗಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ತೊಂದರೆ ಇರುವುದು ಮಾಪಕದ ಊಹೆಯಲ್ಲಿ. ಬಿಳಿಯನ್ನು ನಡುಬೂದು ಎಂದೆಣಿಸುವ ಕ್ಯಾಮೆರಾ ಅಕ್ಷರಶಃ 'ಬೂದು'ಗುಂಬಳವನ್ನು ಕೊಡುತ್ತದೆ. ಇದಕ್ಕೆ ಬೆಳಕನ್ನು ಒಂದು ಹಂತ ಏರಿಸಬೇಕು, ಕಿತ್ತಳೆ ಕುಂಬಳಕ್ಕೆ ಇಳಿಸಬೇಕು.

ಮ್ಯಾಸಚೂಸೆಟ್ಸಿನ ಓರೆ ಬೆಳಕು ನಮ್ಮಲ್ಲೂ ಸಿಗುತ್ತದೆ, ಹೊತ್ತು ನೋಡಿಕೊಳ್ಳಬೇಕಷ್ಟೆ. ಅಕ್ಟೋಬರ್ ಮೂರನೆಯ ವಾರದ ಕೊನೆಗೆ ಮೈಸೂರಿನಲ್ಲಿ ಸೂರ್ಯ 37 ಡಿಗ್ರಿ ಎತ್ತರದಲ್ಲಿರುವುದು ಬೆಳಗ್ಗೆ ಸುಮಾರು 9 ಗಂಟೆಗೆ ಮತ್ತು ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ. ಅದಕ್ಕಿಂತ ಮುಂಚೆ ಅಥವಾ ಅನಂತರ ಚಿತ್ರ ತೆಗೆಯಿರಿ.

ಮಾಡಿ ನೋಡಿ

ಹಣ್ಣಾಗುವಿಕೆಯ ನಕ್ಷೆಯನ್ನು ಸರಿಯಾಗಿ ಎಳೆಯುವುದು ಹೇಗೆ? ಶಿಕ್ಷಕರು ಈ ಕ್ರಮವನ್ನು ಅನುಸರಿಸಬಹುದು.

1. ಕಾಯಿಯ ಪಕ್ಕದಲ್ಲಿ ಪ್ರತಿದಿನವೂ ಒಂದೇ ಬಿಳಿ ಆಧಾರವನ್ನು, ಕಾಯಿಯ ಮೇಲ್ಮೈ ಇರುವ ದಿಕ್ಕಿಗೇ ಮುಖಮಾಡಿ ಇಡಿ. ಅಚ್ಚಿನ ಕಾಗದ ಬೇಡ. ಅದರಲ್ಲಿ ಬೆರೆಸಿರುವ ಹೊಳಪುಕಾರಕಗಳು ಅತಿನೇರಳೆಯನ್ನು ಹೀರಿ ನೀಲಿಯನ್ನು ಸೂಸುತ್ತವೆ. ನಲ್ಲಿಯ ಜೋಡಣೆಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ರಟ್ಟಿನ ಮೇಲೆ ಹಲವು ಪದರ ಸುತ್ತಿದರೆ ಅಗ್ಗದ, ಒಳ್ಳೆಯ ಆಧಾರ ಸಿದ್ಧ.

2. ಪ್ರತಿದಿನ ಒಂದೇ ಹೊತ್ತು, ಒಂದೇ ದೂರ, ಒಂದೇ ದಿಕ್ಕು. ಕಾಯಿಗೂ ಆಧಾರಕ್ಕೂ ಒಂದೇ ಬೆಳಕು ಬೀಳುತ್ತಿರಲಿ. ಕೊಡೆಯ ನೆರಳಾದರೆ ಎರಡಕ್ಕೂ ಇರಲಿ.

3. ಕ್ಯಾಮೆರಾವನ್ನು ಕೈಹಿಡಿತದ ಸ್ಥಿತಿಗೆ ತನ್ನಿ. ಫೋನಿನಲ್ಲಿ ಇದು 'ಪ್ರೊ' ಎಂಬ ಹೆಸರಿನಲ್ಲಿರಬಹುದು. ಬಿಳಿ-ಸಮತೋಲವನ್ನು ಒಂದೇ ಕೆಲ್ವಿನ್ ಅಂಕಿಗೆ ಕಟ್ಟಿಹಾಕಿ. ಸಾಧ್ಯವಿದ್ದರೆ ಸಂಸ್ಕರಿಸದ 'ರಾ' ರೂಪದಲ್ಲಿ ಉಳಿಸಿ. ಬಿಳಿ ಆಧಾರದ ಅಂಕಿ ಯಾವ ಬಣ್ಣದಲ್ಲೂ 240 ದಾಟದಂತೆ ಬೆಳಕನ್ನು ಹೊಂದಿಸಿ.

4. ಹೊಳಪಿಲ್ಲದ ಒಂದು ಚೌಕವನ್ನು ಸಿಪ್ಪೆಯ ಮೇಲೆ ಆರಿಸಿ, ಪ್ರತಿದಿನ ಅದೇ ಜಾಗದ ಸರಾಸರಿ ಅಂಕಿಗಳನ್ನು ಓದಿ.

5. ಸಾಮಾನ್ಯ ಚಿತ್ರದ ಅಂಕಿಗಳು ಬೆಳಕಿಗೆ ನೇರ ಅನುಪಾತದಲ್ಲಿಲ್ಲ. 255ರ ಅರ್ಧವಾದ 128, ಅರ್ಧ ಬೆಳಕಲ್ಲ. ನೂರಕ್ಕೆ ಸುಮಾರು 22 ಮಾತ್ರ. ಆದ್ದರಿಂದ ಪ್ರತಿ ಅಂಕಿಯನ್ನು 255ರಿಂದ ಭಾಗಿಸಿ 2.2ರ ಘಾತಕ್ಕೆ ಏರಿಸಿ. ಬಳಿಕ ಕಾಯಿಯ ಬೆಲೆಯನ್ನು ಆಧಾರದ ಬೆಲೆಯಿಂದ ಭಾಗಿಸಿ.

ಉದಾಹರಣೆಗೆ ಕಾಯಿಯ ಕೆಂಪು 200, ಹಸಿರು 110. ಆಧಾರದ ಕೆಂಪು 230, ಹಸಿರು 225 ಎನ್ನಿ. ಲೆಕ್ಕ ಮಾಡಿದರೆ ಕಾಯಿ ಕೆಂಪಿನಲ್ಲಿ 0.74, ಹಸಿರಿನಲ್ಲಿ 0.21 ಭಾಗ ಬೆಳಕನ್ನು ಹಿಂದಿರುಗಿಸುತ್ತಿದೆ. ಕೆಂಪು-ಹಸಿರಿನ ಅನುಪಾತ ಸುಮಾರು 3.5. ಅಂಕಿಗಳನ್ನು ಹಾಗೇ ಭಾಗಿಸಿದ್ದರೆ 1.8 ಬರುತ್ತಿತ್ತು. ನಾಳೆ ಬಿಸಿಲು ಕೆಂಪಾದರೆ ಆಧಾರವೂ ಅಷ್ಟೇ ಕೆಂಪಾಗುವುದರಿಂದ ಭಾಗಾಕಾರದಲ್ಲಿ ಬೆಳಕಿನ ಬಣ್ಣ ಬಹುಮಟ್ಟಿಗೆ ಹೊರಟುಹೋಗಿ ಕಾಯಿಯದಷ್ಟೇ ಉಳಿಯುತ್ತದೆ. ಕಾಯಿ ಹಸಿರಿರುವಾಗ 1ಕ್ಕಿಂತ ಕೆಳಗಿರುವ ಈ ಅನುಪಾತ ಹಣ್ಣಾದಂತೆ ಏರುತ್ತ ಹೋಗಬೇಕು. ಏರಿಕೆ ಯಾವ ವಾರದಲ್ಲಿ ಅತಿ ವೇಗ ಎಂಬುದೇ ನಿಮ್ಮ ಮಕ್ಕಳು ಕಂಡುಹಿಡಿಯಬೇಕಾದ ಸಂಗತಿ.

ಬೂದುಗುಂಬಳ ಹೊತ್ತವನ ಹೆಗಲಿಗೆ ಮೇಣದ ಬಿಳಿ ಪುಡಿ ಅಂಟಿಕೊಳ್ಳುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಹುಟ್ಟಿದ್ದು ಹಾಗೆ. "ತಪ್ಪು ಯಾರದು, ಸರ್?" ಎಂದು ಆ ಹುಡುಗಿ ಕೇಳಿದ ದಿನ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿದ್ದವನು ನಾನು. ನಾನು ಉತ್ತರ ಹೊತ್ತು ಬರುವಷ್ಟರಲ್ಲಿ ಅವರು ಆ ಶಾಲೆ ಬಿಟ್ಟು ಮುಂದಿನ ಓದಿಗೆ ಹೋಗಿದ್ದರು. ಒಂದು ಬಳ್ಳಿಯ ಒಂದು ಕಾಯಿ ಎರಡು ಸಲ ಹಣ್ಣಾಗುವುದಿಲ್ಲ. ಮಕ್ಕಳ ಒಂದು ವರ್ಷವೂ ಹಾಗೆಯೇ. ಈ ಸಲದ ಬಳ್ಳಿ ಹೂಬಿಡುವ ಮುಂಚೆಯೇ ನಿಮ್ಮ ಶಾಲೆಯಲ್ಲಿ ಟೆಫ್ಲಾನ್ ಸುತ್ತಿದ ಒಂದು ರಟ್ಟು ಸಿದ್ಧವಾಗಿರಲಿ.